ಗ್ರಾಫಿಕ್ಸ್ ಕಾರ್ಡಿನ ಕಾವು, ಫ್ಯಾನಿನ ಗದ್ದಲ: ಹೀಟ್‌ಸಿಂಕ್ ಮೇಲೆ ಯಾಕೆ ಸಿಟ್ಟು?

ಏಪ್ರಿಲ್ ಬಂತೆಂದರೆ ಒಂದೇ ಪ್ರಶ್ನೆ ಹತ್ತು ವೇಷ ಹಾಕಿಕೊಂಡು ಬರುತ್ತದೆ: ಕಾರ್ಡ್ ಕಾಯುತ್ತಿದೆ, ಫ್ಯಾನ್ ಅರಚುತ್ತಿದೆ, ಯಾವ ಕೂಲರ್ ಹಾಕಲಿ? ಈ ಸಲ ಒಂದಕ್ಕೆ ಉದ್ದವಾಗಿ ಉತ್ತರಿಸುತ್ತೇನೆ. ಕಾರ್ಡನ್ನು ಸ್ಲಾಟಿನಿಂದ ಹೊರತೆಗೆಯುವುದು ಹೇಗೆ ಎಂಬಲ್ಲಿಂದ ಶುರು ಮಾಡುವುದಿಲ್ಲ. ಅದು ಗೊತ್ತಿಲ್ಲದವರು ಮುಂದಿನದ್ದಕ್ಕೆ ಕೈ ಹಾಕದಿರುವುದೇ ಕ್ಷೇಮ.

ಪ್ರಶ್ನೆ: ಸರ್, ನನ್ನದು ಎರಡು ಫ್ಯಾನಿನ ಆರ್‌ಟಿಎಕ್ಸ್ 3060 ಟಿಐ ಗ್ರಾಫಿಕ್ಸ್ ಕಾರ್ಡ್. ವಾರಂಟಿ ಮುಗಿದಿದೆ. ಗೇಮ್ ಆಡುವಾಗ ಕೋರ್ (ಮುಖ್ಯ ಚಿಪ್ಪು) 83 ಡಿಗ್ರಿ, ಹಾಟ್‌ಸ್ಪಾಟ್ (ಅದರ ಅತಿ ಬಿಸಿಯ ಬಿಂದು) 106. ಫ್ಯಾನ್ 3000 ಆರ್‌ಪಿಎಂ ಮುಟ್ಟಿ ಪಕ್ಕದ ಕೋಣೆಗೂ ಕೇಳಿಸುತ್ತದೆ. ಬೇರೆ ಕಂಪನಿಯ ದೊಡ್ಡ ಕೂಲರ್ ತರಿಸಿ ಹಾಕಬಹುದೇ? (ಬಳ್ಳಾರಿ)

ಬೇಡ. ನಿಮ್ಮ ಹೀಟ್‌ಸಿಂಕ್, ಅಂದರೆ ಚಿಪ್ಪಿನ ಕಾವು ಹೀರುವ ಲೋಹದ ಭಾಗ, ಕೆಟ್ಟಿಲ್ಲ. ಈ ಕಾರ್ಡಿನ ಅಧಿಕೃತ ಬಳಕೆ 200 ವಾಟ್. ಅಷ್ಟು ಕಾವನ್ನು ಹೊರಹಾಕಲು ಅದಕ್ಕಿರುವ ಫಿನ್‌ಗಳೂ (ತೆಳು ಲೋಹದ ರೆಕ್ಕೆಗಳು) ಕಾವು ಸಾಗಿಸುವ ಹೀಟ್‌ಪೈಪ್‌ಗಳೂ ಸಾಕು. ಅರಚುತ್ತಿರುವುದು ಅದರ ಮೇಲಿನ ತೆಳು, ಪುಟ್ಟ ಫ್ಯಾನ್‌ಗಳು. ಚಿಕ್ಕ ಫ್ಯಾನ್ ದೊಡ್ಡದರಷ್ಟೇ ಗಾಳಿ ದೂಡಬೇಕಾದರೆ ಬಹಳ ಜೋರಾಗಿ ತಿರುಗಬೇಕು, ಗದ್ದಲ ಹುಟ್ಟುವುದು ಅಲ್ಲೇ.

ಆರ್ಕ್ಟಿಕ್ ಆಕ್ಸೆಲೆರೊ, ರೈಜಿನ್‌ಟೆಕ್ ಮಾರ್ಫಿಯಸ್ ಮುಂತಾದ ಕೂಲರ್‌ಗಳು ಒಂದು ಕಾಲಕ್ಕೆ ಒಳ್ಳೆಯ ಹೆಸರು ಮಾಡಿದ್ದವು ನಿಜ. ಆದರೆ ಅವು ಮುಖ್ಯವಾಗಿ ಹಳೆಯ ಕಾರ್ಡ್‌ಗಳ ತೂತಿನ ಅಳತೆ ನೋಡಿ ಮಾಡಿದವು. ಜೊತೆಗೆ ಅವು ತಂಪು ಮಾಡುವುದು ಕೋರನ್ನು ಮಾತ್ರ. ಮೆಮೊರಿಗೂ ವಿಆರ್‌ಎಂಗೂ (ಕೋರಿಗೆ ಬೇಕಾದಷ್ಟಕ್ಕೆ ವೋಲ್ಟೇಜ್ ಇಳಿಸಿ ಕೊಡುವ ಭಾಗ) ಸಣ್ಣ ಸಣ್ಣ ಅಲ್ಯೂಮಿನಿಯಂ ತುಂಡುಗಳನ್ನು ನೀವೇ ಅಂಟಿಸಬೇಕು. ಕಂಪನಿ ಕೊಟ್ಟ ಕೂಲರಿನಲ್ಲಿ ಇವೆಲ್ಲ ಕಾವು ದಾಟಿಸುವ ಮೆತ್ತನೆಯ ಪ್ಯಾಡ್‌ಗಳ ಮೂಲಕ ಲೋಹಕ್ಕೆ ತಾಗಿಕೊಂಡೇ ಇರುತ್ತವೆ. ಅದನ್ನು ಕಿತ್ತು ಹೊಸದು ಹಾಕಿ, ಪರದೆಯ ಮೇಲೆ ಕೋರ್ 60 ಡಿಗ್ರಿ ಕಂಡು ಹಿಗ್ಗುವವರ ಕಾರ್ಡಿನಲ್ಲಿ ಅತ್ತ ವಿಆರ್‌ಎಂ ಬೇಯುತ್ತಿರುತ್ತದೆ. ಅಲ್ಲಿನ ಒಂದು ಮಾಸ್ಫೆಟ್ (ವಿದ್ಯುತ್ತಿನ ಪುಟ್ಟ ಸ್ವಿಚ್) ಶಾರ್ಟ್ ಆಗಿ 12 ವೋಲ್ಟ್ ನೇರ ಕೋರಿಗೆ ನುಗ್ಗಿದರೆ ಕಥೆ ಮುಗಿಯಿತು.

ನಿಮ್ಮ ಕಾಗದದಲ್ಲಿ ನನಗೆ ಮುಖ್ಯವಾಗಿ ಕಂಡದ್ದು 83 ಅಲ್ಲ, 83 ಮತ್ತು 106ರ ನಡುವಿನ 23. ಕೋರಿಗೂ ಹಾಟ್‌ಸ್ಪಾಟಿಗೂ ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಅಂತರವಿರುತ್ತದೆ. 20 ದಾಟಿದರೆ ಡೈ (ಕೋರ್ ಇರುವ ಬರಿಯ ಸಿಲಿಕಾನ್ ತುಂಡು) ಮತ್ತು ಹೀಟ್‌ಸಿಂಕ್ ಸರಿಯಾಗಿ ಕೂಡಿಲ್ಲ ಎಂದೇ ಹಿಡಿಯಿರಿ. ಎರಡರ ನಡುವೆ ಕಾವು ದಾಟಿಸಲು ಹಚ್ಚಿದ ಪೇಸ್ಟ್ ಒಣಗಿದೆ ಅಥವಾ ಅಂಚಿಗೆ ಸರಿದುಹೋಗಿದೆ. ಹೀಗಿರುವಾಗ ಎಂಥ ಫ್ಯಾನ್ ತಂದರೂ ವ್ಯರ್ಥ.

ಬಿಚ್ಚುವ ಮೊದಲು ಕಾಸು ಖರ್ಚಿಲ್ಲದ ಕೆಲಸ ಮಾಡಿ. ಕಾರ್ಡಿನ ವೇಗ, ವಿದ್ಯುತ್ ತಿದ್ದುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಪವರ್ ಲಿಮಿಟ್ 80 ಪರ್ಸೆಂಟಿಗೆ ಇಳಿಸಿದರೆ 200 ವಾಟ್ 160 ಆಗುತ್ತದೆ. ಇಲ್ಲವೇ ಅದರಲ್ಲೇ ಕರ್ವ್ ಎಡಿಟರ್ (ಎಷ್ಟು ವೋಲ್ಟೇಜಿಗೆ ಎಷ್ಟು ವೇಗ ಎಂಬ ಗೆರೆ) ತೆರೆದು 900 ಮಿಲಿವೋಲ್ಟ್‌ನ ಬಿಂದುವನ್ನು 1800 ಮೆಗಾಹರ್ಟ್ಸ್‌ಗೆ ತಂದು, ಅದರಾಚೆಯದನ್ನೆಲ್ಲ ಸಮತಟ್ಟು ಮಾಡಿ. ಆಟದಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ, ಫ್ಯಾನಿಗಂತೂ ಗೊತ್ತಾಗುತ್ತದೆ. ಇಷ್ಟಕ್ಕೇ ಸಮಾಧಾನವಾದರೆ ಮುಂದೆ ಓದಬೇಡಿ. ಆದರೆ ಆ 23 ಡಿಗ್ರಿ ನಿಮಗೆ ಸಮಾಧಾನ ಕೊಡಲಾರದು.

ನನ್ನ ಸಲಹೆ ಇಷ್ಟು: ಹೀಟ್‌ಸಿಂಕ್ ಅದೇ ಇರಲಿ, ಪೇಸ್ಟ್ ಬದಲಿಸಿ, ಪುಟ್ಟ ಫ್ಯಾನ್‌ಗಳನ್ನು ತೆಗೆದು ಅಲ್ಲಿ ದೊಡ್ಡ ಕೇಸ್ ಫ್ಯಾನ್ ಕಟ್ಟಿ. ತರಬೇಕಾದವು: 120 ಮಿಲಿಮೀಟರಿನ ಎರಡು ಪಿಡಬ್ಲ್ಯುಎಂ (ಕಾರ್ಡೇ ವೇಗ ಹತೋಟಿಯಲ್ಲಿಡಬಲ್ಲ) ಕೇಸ್ ಫ್ಯಾನ್. ಆರ್ಕ್ಟಿಕ್ ಪಿ12 ಸಾಕು, ಕೈಯಲ್ಲಿ ದುಡ್ಡಿದ್ದರೆ ನಾಕ್ಟುವಾ ಎನ್‌ಎಫ್-ಎ12ಎಕ್ಸ್25. ಹೀಟ್‌ಸಿಂಕ್ 24 ಸೆಂಟಿಮೀಟರಿಗಿಂತ ಬಹಳ ಗಿಡ್ಡವಾಗಿದ್ದರೆ 92 ಮಿಲಿಮೀಟರಿನವು. ಜಾಗವನ್ನು ಮೊದಲೇ ಅಳೆಯಿರಿ: ಎರಡು ಸ್ಲಾಟ್ ದಪ್ಪದ ಹೀಟ್‌ಸಿಂಕ್ ಸುಮಾರು 40 ಮಿಲಿಮೀಟರ್, ಅದರ ಮೇಲೆ ಫ್ಯಾನ್ 25. ಅಂದರೆ ಮೂರು ಸ್ಲಾಟ್ ದಾಟಿತು. ಫ್ಯಾನಿನ ಕೆಳಗೆ ಕನಿಷ್ಠ 20 ಮಿಲಿಮೀಟರ್ ಖಾಲಿ ಇರದಿದ್ದರೆ ಅದಕ್ಕೆ ಎಳೆಯಲು ಗಾಳಿಯೇ ಇರುವುದಿಲ್ಲ, ಆಗ 15 ಮಿಲಿಮೀಟರ್ ದಪ್ಪದ ಸ್ಲಿಮ್ ಫ್ಯಾನ್ ತನ್ನಿ. ಕಾರ್ಡಿನ ಮೇಲಿನ ಫ್ಯಾನ್ ಸಾಕೆಟ್ ಚಿಕ್ಕದು, ಪಿನ್‌ಗಳ ನಡುವೆ 2 ಮಿಲಿಮೀಟರ್. ಕೇಸ್ ಫ್ಯಾನಿನದು 2.54. ಎರಡನ್ನೂ ಬೆಸೆಯುವ ಅಡಾಪ್ಟರ್ ಕೇಬಲ್ ಸಿಗುತ್ತದೆ, ಎರಡು ಕವಲಿನದ್ದನ್ನೇ ಕೇಳಿ. ಕೆಲವು ಕಾರ್ಡ್‌ಗಳಲ್ಲಿ ಪಿನ್‌ಗಳ ಸಂಖ್ಯೆಯೂ ಕ್ರಮವೂ ಬೇರೆ. ವೈರಿನ ಬಣ್ಣ ನಂಬಬೇಡಿ, 12 ವೋಲ್ಟ್ ಎಲ್ಲಿ, ಗ್ರೌಂಡ್ ಎಲ್ಲಿ ಎಂದು ಮಲ್ಟಿಮೀಟರ್ ಇಟ್ಟು ನೋಡಿ. ಹೊಸ ಫ್ಯಾನ್‌ಗಳ ಒಟ್ಟು ಆಂಪಿಯರ್ ಹಳೆಯವುಗಳ ಮೇಲೆ ಬರೆದ ಒಟ್ಟನ್ನು ಮೀರಬಾರದು. ನಾಕ್ಟುವಾದ್ದು ಒಂದಕ್ಕೆ 0.14, ಹಾಗಾಗಿ ಸಾಮಾನ್ಯವಾಗಿ ತೊಂದರೆ ಇಲ್ಲ. ಬಣ್ಣಬಣ್ಣದ ದೀಪದ ಫ್ಯಾನ್ ತಂದರೆ ಲೆಕ್ಕ ತಪ್ಪುತ್ತದೆ.

ಇನ್ನು ಬಿಚ್ಚುವುದು. ಮೊದಲು ಹತ್ತು ನಿಮಿಷ ಏನಾದರೂ ಓಡಿಸಿ ಕಾರ್ಡ್ ಬೆಚ್ಚಗೆ ಮಾಡಿ, ಪೇಸ್ಟ್ ಸಡಿಲಾಗುತ್ತದೆ. ಡೈ ಸುತ್ತಲಿನ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಅರ್ಧ ಅರ್ಧ ಸುತ್ತಿನಂತೆ ಎದುರುಬದುರಾಗಿ ಸಡಿಲಿಸಿ. ಹೀಟ್‌ಸಿಂಕ್ ಏಳದಿದ್ದರೆ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಎಡಕ್ಕೆ ಬಲಕ್ಕೆ ಒಂದಿಷ್ಟು ತಿರುಚಿ. ಎದ್ದ ತಕ್ಷಣ ಎಳೆಯಲೂ ಬೇಡಿ, ಫ್ಯಾನಿನ ವೈರ್ ಇನ್ನೂ ಬೋರ್ಡಿಗೆ ಅಂಟಿರುತ್ತದೆ. ಪ್ಲಗ್ ಹಿಡಿದು ಬಿಡಿಸಿ, ವೈರ್ ಹಿಡಿದಲ್ಲ. ಯಾವ ಪ್ಯಾಡ್ ಎಲ್ಲಿತ್ತು ಎಂದು ಫೋಟೊ ತೆಗೆದಿಡಿ. ಆಮೇಲೆ ಹಳೆಯ ಫ್ಯಾನ್ ಮತ್ತು ಪ್ಲಾಸ್ಟಿಕ್ ಕವಚವನ್ನು ಹೀಟ್‌ಸಿಂಕಿನಿಂದ ಬೇರ್ಪಡಿಸಿ. ಎಸೆಯಬೇಡಿ, ಕಾರ್ಡ್ ಮಾರುವಾಗ ಬೇಕು.

ಪ್ಯಾಡ್ ವಿಷಯದಲ್ಲಿ ನಾನು ಜಗಳಕ್ಕೇ ನಿಲ್ಲುತ್ತೇನೆ. ಹರಿಯದೆ, ಪುಡಿಯಾಗದೆ ಇದ್ದರೆ ಹಳೆಯವನ್ನೇ ಇದ್ದಲ್ಲೇ ಬಿಡಿ. ಬದಲಿಸಲೇಬೇಕಾದರೆ ವರ್ನಿಯರ್‌ನಿಂದ ಅಳೆಯಿರಿ, ಅದೂ ಚಿಪ್ಪಿನ ಕೆಳಗೆ ಅದುಮಿಹೋದ ಭಾಗವನ್ನಲ್ಲ, ಅದುಮದೆ ಉಳಿದ ಅಂಚನ್ನು. ಒಂದೇ ಕಾರ್ಡಿನಲ್ಲಿ 1, 1.5, 2 ಮಿಲಿಮೀಟರ್ ಮೂರೂ ಇರಬಹುದು. ರಿಪೇರಿ ಅಂಗಡಿಗಳಲ್ಲಿ ಒಂದೇ ನೀಲಿ ಹಾಳೆ ಕತ್ತರಿಸಿ ಎಲ್ಲದಕ್ಕೂ ಅಂಟಿಸಿ ಕೊಡುತ್ತಾರಲ್ಲ, ನಿಮ್ಮ ಕಾರ್ಡಿಗಿಂತ ಕೆಟ್ಟು ಬಂದ ಕಾರ್ಡ್‌ಗಳ ಹಿಂದೆ ಅನೇಕ ಸಲ ಇರುವುದು ಅದೇ. ಪ್ಯಾಡ್ ಅರ್ಧ ಮಿಲಿಮೀಟರ್ ದಪ್ಪವಾದರೂ ಹೀಟ್‌ಸಿಂಕ್ ಡೈಯಿಂದ ಎತ್ತಿ ನಿಲ್ಲುತ್ತದೆ, ಹಾಟ್‌ಸ್ಪಾಟ್ ನಿಮಿಷದೊಳಗೆ ನೂರು ದಾಟುತ್ತದೆ. ತೆಳುವಾದರೆ ಮೆಮೊರಿಗೆ ತಾಗುವುದೇ ಇಲ್ಲ. ಪ್ಯಾಕೆಟ್ ಮೇಲೆ ಕಾವು ಸಾಗಿಸುವ ಶಕ್ತಿ 12 ಎಂದು ಬರೆದ ಗಡಸು ಪ್ಯಾಡಿಗಿಂತ 6ರ ಮೆತ್ತನೆಯದು ವಾಸಿ. ಅಳತೆ ಅನುಮಾನವಿದ್ದರೆ ಥರ್ಮಲ್ ಪುಟ್ಟಿ ಹಚ್ಚಿ, ಕಣಕದ ಹಾಗೆ ಬೇಕಾದಷ್ಟು ಅದುಮಿಕೊಳ್ಳುತ್ತದೆ.

ಡೈಯನ್ನು 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಬ್ಲೇಡು, ಚಾಕು ಬೇಡ. ಸಿಪಿಯುಗಿರುವಂತೆ ಲೋಹದ ಟೋಪಿ ಇದಕ್ಕಿಲ್ಲ, ಮೂಲೆ ಚಕ್ಕೆ ಎದ್ದರೆ ಕಾರ್ಡ್ ಹೋಯಿತು. ಪೇಸ್ಟ್ ಡೈಯ ನಾಲ್ಕೂ ಮೂಲೆ ಮುಚ್ಚುವಂತೆ ತೆಳ್ಳಗೆ ಹರಡಿ. ತೆಳು ಪೇಸ್ಟ್‌ಗಳು ಬರಿಯ ಡೈ ಮೇಲೆ ಬಾಳುವುದಿಲ್ಲ. ಕಾಯ್ದು ಆರಿದಂತೆಲ್ಲ ಡೈ ಹಿಗ್ಗಿ ಕುಗ್ಗಿ ಅವನ್ನು ಅಂಚಿಗೆ ದೂಡುತ್ತದೆ. ಅದಕ್ಕೇ ನನ್ನ ಆಯ್ಕೆ ಹನಿವೆಲ್ ಪಿಟಿಎಂ 7950. ಹಾಳೆಯ ರೂಪದಲ್ಲಿರುತ್ತದೆ, 45 ಡಿಗ್ರಿಯ ಸುಮಾರಿಗೆ ಮೆದುವಾಗುತ್ತದೆ. ಹದಿನೈದು ನಿಮಿಷ ಫ್ರಿಜ್‌ನಲ್ಲಿಟ್ಟರೆ ಮೇಲಿನ ಪೊರೆ ಸಲೀಸಾಗಿ ಬಿಡುತ್ತದೆ. ಮೊದಲ ದಿನ ತಾಪಮಾನ ಹೆಚ್ಚು ಕಂಡರೆ ಗಾಬರಿ ಬೇಡ, ಕೆಲವು ಸಲ ಕಾಯ್ದು ಆರಿದ ಮೇಲೆ ಕೂರುತ್ತದೆ. ನಕಲಿ ಮಾಲು ಬಹಳ, ನಂಬಿಕೆಯ ಕಡೆಯೇ ಕೊಳ್ಳಿ.

ಸ್ಕ್ರೂ ಬಿಗಿಯುವಾಗಲೂ ಎದುರುಬದುರು, ಅರ್ಧ ಅರ್ಧ ಸುತ್ತು. ತಾನಾಗಿ ನಿಂತಲ್ಲಿ ನಿಲ್ಲಿಸಿ. ಫ್ಯಾನ್‌ಗಳು ಫಿನ್‌ಗಳತ್ತ ಗಾಳಿ ಊದಬೇಕು. ಚೌಕಟ್ಟಿನ ಮೇಲೆ ಬಾಣದ ಗುರುತಿದ್ದರೆ ಅದನ್ನು ನೋಡಿ ಕೇಬಲ್ ಟೈನಿಂದ ಕಟ್ಟಿ, ಬಾಲ ಕತ್ತರಿಸಿ. ಫ್ಯಾನಿಗೂ ಫಿನ್‌ಗೂ ನಡುವೆ ಸುತ್ತಲೂ 2-3 ಮಿಲಿಮೀಟರಿನ ಫೋಮ್ ಪಟ್ಟಿ ಅಂಟಿಸಿದರೆ ಗಾಳಿ ಪಕ್ಕಕ್ಕೆ ಸೋರುವುದಿಲ್ಲ, ಗುಂಯ್‌ಗುಡುವ ಕಂಪನವೂ ನಿಲ್ಲುತ್ತದೆ. ತೂಕ ಹೆಚ್ಚಿರುವುದರಿಂದ ಕಾರ್ಡಿನ ತುದಿಗೆ ಒಂದು ಆಸರೆ ಕೊಡಿ.

ತಾಪಮಾನ ತೋರಿಸುವ ಎಚ್‌ಡಬ್ಲ್ಯುಇನ್ಫೊ ತಂತ್ರಾಂಶದಲ್ಲಿ ಹಾಟ್‌ಸ್ಪಾಟ್ ನೋಡುತ್ತಾ ಹತ್ತು ನಿಮಿಷ ಮಾಮೂಲಿ ಗೇಮ್ ಓಡಿಸಿ. ಅಂತರ ಇನ್ನೂ 20ರ ಮೇಲಿದ್ದರೆ ಮತ್ತೆ ಬಿಚ್ಚಬೇಕು, ಬೇರೆ ದಾರಿಯಿಲ್ಲ. ಸರಿಯಿದ್ದರೆ ಫ್ಯಾನ್ ಕರ್ವನ್ನು 60 ಡಿಗ್ರಿಗೆ 45 ಪರ್ಸೆಂಟ್, 75ಕ್ಕೆ 70 ಎಂದು ಶುರು ಮಾಡಿ ಕಿವಿಗೆ ತಕ್ಕಂತೆ ತಿದ್ದಿಕೊಳ್ಳಿ. ಯಾವುದೋ ಚಳಿ ದೇಶದ ವಿಡಿಯೊದ 58 ಡಿಗ್ರಿಗೆ ಆಸೆಪಡಬೇಡಿ. ಅವರ ಕೋಣೆ 20, ಬಳ್ಳಾರಿಯ ಮೇ ತಿಂಗಳ ಕೋಣೆ 36. ಅದೇ ಕಾರ್ಡ್ ನಿಮ್ಮಲ್ಲಿ 74 ತೋರಿಸಿದರೆ ಕೆಲಸ ಅಷ್ಟೇ ಚೆನ್ನಾಗಿ ಆಗಿದೆ.

ಪ್ರಶ್ನೆ: ತುರ್ತಿಗೆ ಟೂತ್‌ಪೇಸ್ಟ್ ಹಚ್ಚಬಹುದಂತೆ ಹೌದೇ? (ಹಾಸನ)

ಹಲ್ಲಿಗೆ ಹಚ್ಚಬಹುದು. ಡೈ ಮೇಲೆ ಅದರ ನೀರು ಬೇಗನೆ ಆರಿ ಸುಣ್ಣದ ಪುಡಿ ಉಳಿಯುತ್ತದೆ.

ಪ್ರಶ್ನೆ: ಪರದೆಯಲ್ಲಿ ಚೌಕಚೌಕ ಗೆರೆ. ಅಂಗಡಿಯವರು ಹಾಟ್ ಏರ್ ಕೊಟ್ಟು "ರೀಬಾಲ್" ಮಾಡಿದರು, ಹತ್ತು ದಿನಕ್ಕೆ ಮತ್ತೆ ಅದೇ. (ದಾವಣಗೆರೆ)

ಅದು ರೀಬಾಲ್ ಅಲ್ಲ, ಬರೀ ಬಿಸಿ ಮಾಡಿ ಕೊಟ್ಟದ್ದು. ರೀಬಾಲ್ ಎಂದರೆ ಚಿಪ್ಪನ್ನು ಬೋರ್ಡಿನಿಂದ ಕಿತ್ತು, ಬೆಸುಗೆಯ ಗುಂಡುಗಳನ್ನೆಲ್ಲ ತೆಗೆದು ಹೊಸವು ಕೂರಿಸುವುದು. ಬಿಸಿ ಮಾಡಿದರೆ ಸತ್ತ ಸಂಪರ್ಕ ಕೆಲವು ದಿನ ಉಸಿರಾಡಬಹುದು, ಅಷ್ಟೇ. ಒಲೆಯಲ್ಲಿ ಬೇಯಿಸಿ ಎನ್ನುವವರದ್ದೂ ಇದೇ ವೈದ್ಯ. ನಿಮ್ಮದು ಕೂಲರ್ ಸಮಸ್ಯೆಯೇ ಅಲ್ಲ.

ಪ್ರಶ್ನೆ: ಮೆನು ಪರದೆಯಲ್ಲಿ ಕಾರ್ಡ್ ಕೀಂಯ್ ಎನ್ನುತ್ತದೆ, ಫ್ಯಾನ್ ನಿಂತಿದ್ದರೂ. (ಶಿವಮೊಗ್ಗ)

ಬೋರ್ಡಿನ ಮೇಲಿನ ಕಾಯಿಲ್ (ತಂತಿಯ ಸುರುಳಿ) ಕಂಪಿಸುವ ಸದ್ದು. ಎಫ್‌ಪಿಎಸ್‌ಗೆ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಮಿತಿ ಹಾಕಿ. ಕೂಲರಿಗೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಪೇಸ್ಟ್ ಬದಲು ಲಿಕ್ವಿಡ್ ಮೆಟಲ್? (ಮೈಸೂರು)

ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ತಿನ್ನುತ್ತದೆ, ವಿದ್ಯುತ್ತೂ ಹರಿಸುತ್ತದೆ, ಡೈ ಸುತ್ತ ಪುಟ್ಟ ಕೆಪಾಸಿಟರ್‌ಗಳಿವೆ. ಬೇಡ.

ಪ್ರಶ್ನೆ: ಕೇಸಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟರೆ? (ರಾಯಚೂರು)

ಶಾಶ್ವತ ಪರಿಹಾರವಾಗಿ ಬೇಡ, ಧೂಳು ತುಂಬುತ್ತದೆ. ಪರೀಕ್ಷೆಯಾಗಿ ಒಳ್ಳೆಯದು, ಟೇಬಲ್ ಫ್ಯಾನ್ ಇಲ್ಲದೆ. ಬಾಗಿಲು ತೆಗೆದಾಗ ಕಾರ್ಡ್ ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ತಪ್ಪು ಕೇಸಿನ ಗಾಳಿಯಾಟದ್ದು. ಕೇಸಿನ ಮುಂಭಾಗದಲ್ಲಿ ಎರಡು ಫ್ಯಾನ್ ಹಾಕಿ, ಕಾರ್ಡ್ ಮುಟ್ಟಬೇಡಿ.

ಪ್ರಶ್ನೆ: ಕಾರ್ಡಿನ ಒಂದು ಫ್ಯಾನ್ ಗರಗರ ಎನ್ನುತ್ತಿತ್ತು, ಕೊಬ್ಬರಿ ಎಣ್ಣೆ ಬಿಟ್ಟೆ. ಬೇಸಿಗೆಯಲ್ಲಿ ಸರಿಯಿತ್ತು, ಈಗ ಬೆಳಿಗ್ಗೆ ತಿರುಗುವುದೇ ಇಲ್ಲ. (ಮಡಿಕೇರಿ)

ಕೊಬ್ಬರಿ ಎಣ್ಣೆ 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುತ್ತದೆ, ಮಡಿಕೇರಿಯ ಚಳಿಗೆ ಕೇಳಬೇಕೇ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟಿದ್ದರೆ ಕೆಲವು ತಿಂಗಳು ದೂಡಬಹುದಿತ್ತು. ಈಗ ಫ್ಯಾನಿನ ನಡುವಿನ ಸ್ಟಿಕ್ಕರ್ ಮೇಲಿರುವ ಮಾದರಿ ಸಂಖ್ಯೆ ಕೊಟ್ಟು ಅದೇ ಫ್ಯಾನ್ ತರಿಸಿ.