ಹಾರರ್ ಸಿನಿಮಾದ ದೆವ್ವ ಎಸ್ಟೇಟ್ ಬಂಗಲೆಯಲ್ಲೇ ಯಾಕಿರುತ್ತದೆ? ಕೊಡಗಿನ ಐನ್‌ಮನೆಯಲ್ಲಿ, ಅಂದರೆ ಕೊಡವ ಕುಲದ ಮೂಲಮನೆಯಲ್ಲಿ, ಯಾಕಿಲ್ಲ?

ಬಂಗಲೆಯಲ್ಲಿ ಸತ್ತವರು ಯಾರೆಂದು ಈಗಿನವರಿಗೆ ಗೊತ್ತಿಲ್ಲ. ಐನ್‌ಮನೆಯಲ್ಲಿ ಸತ್ತವರು ಮನೆಯವರೇ. ವ್ಯತ್ಯಾಸ ಇಷ್ಟೇ.

ಹಾರರ್ ಸಿನಿಮಾದ ಭಯ ಹೆಚ್ಚಾಗಿ ಹುಟ್ಟುವುದು ಮರೆತುಹೋದ ಸಾವಿನಿಂದ. ಯಾರೋ ಅನ್ಯಾಯವಾಗಿ ಸತ್ತಿರುತ್ತಾರೆ. ಅವರ ಹೆಸರು ಹೇಳುವವರಿಲ್ಲ, ಎಡೆ ಇಡುವವರಿಲ್ಲ. ಆಮೇಲೆ ಊರಿನ ಗಂಧಗಾಳಿ ಗೊತ್ತಿಲ್ಲದ ಜೋಡಿಯೊಂದು ಬೆಂಗಳೂರಿನಿಂದ ಬಂದು ಆ ಮನೆಯ ಬೀಗ ತೆಗೆಯುತ್ತದೆ. ಇದಕ್ಕೆ ಬಂಗಲೆಗಿಂತ ಒಳ್ಳೆ ಜಾಗ ಬೇಕಾ? ಕೊಡಗು 1834ರಲ್ಲಿ ಬ್ರಿಟಿಷರ ಕೈಗೆ ಹೋಯಿತು. ಕೆಲವು ದಶಕಗಳಲ್ಲೇ ಬಿಳಿಯರ ಕಾಫಿ ತೋಟಗಳು ಎದ್ದವು. ದೊರೆಗಳು ಬಂದರು, ಹೋದರು, ಬಂಗಲೆ ಉಳಿಯಿತು. ಮಂಜು, ಜಡಿಮಳೆ, ಕೈಕೊಡುವ ಕರೆಂಟು ಎಲ್ಲ ಸುಮ್ನೆ ಸಿಗುವ ಮಸಾಲೆ.

ಐನ್‌ಮನೆ ಇಡೀ ಒಕ್ಕದ್ದು, ಅಂದರೆ ಕುಲದ್ದು. ಅದರ ಲೆಕ್ಕವೇ ಬೇರೆ. ಹತ್ತಿರದಲ್ಲೇ ಕೈಮಡ ಎಂಬ ಪುಟ್ಟ ಗುಡಿ ಇರುತ್ತದೆ, ಒಕ್ಕದ ಕಾರಣವನದ್ದು, ಅಂದರೆ ಮೂಲ ಹಿರಿಯನದ್ದು. ತೀರಿಹೋದ ಹಿರಿಯರಿಗೆ ಮಾಂಸದಡುಗೆ, ಮದ್ಯ ಇಟ್ಟು ಕೈಮುಗಿಯುತ್ತಾರೆ. ಮದುವೆಯಂಥ ಶುಭಕಾರ್ಯದಲ್ಲೂ ಅವರನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ಹೀಗೆ ಮನೆಯವರೇ ಊಟಕ್ಕೆ ಕರೆಯುವ ಅಜ್ಜನನ್ನು ದೆವ್ವ ಮಾಡಿ ಹೆದರಿಸುವುದು ಕಷ್ಟ ಅಲ್ವಾ?

ಹಾಗಂತ ಇಲ್ಲಿ ಭಯವೇ ಇಲ್ಲ ಅಂತಲ್ಲ. ರಾತ್ರಿ ತೋಟದ ದಾರಿಯಲ್ಲಿ ಕೊಂಬೆ ಮುರಿದ ಸದ್ದಾದರೆ ಎದೆ ಝಲ್ಲೆನ್ನುತ್ತದೆ. ಆದರೆ ಆಗ ಮೊದಲು ನೆನಪಾಗುವುದು ಆನೆ.