ಓರ್ಲಿಯನಿಸ್ಟರು: ರಾಜನಿಗಾಗಿ ಕಾದು ಗಣರಾಜ್ಯ ಕಟ್ಟಿದವರು

ಫ್ರಾನ್ಸಿನ ಓರ್ಲಿಯನಿಸ್ಟರು ರಾಜನೂ ಇರಲಿ, ಸ್ವಾತಂತ್ರ್ಯವೂ ಇರಲಿ ಅನ್ನುತ್ತಿದ್ದರಂತೆ, ಇದು ಹೇಗೆ ಹೊಂದುತ್ತೆ, ಕೊನೆಗೆ ಆ ಪಕ್ಷ ಏನಾಯ್ತು ಅಂತ ಕೇಳಿದ್ದೀರಿ. ನನಗೂ ಒಂದು ಕಾಲದಲ್ಲಿ ಇದೇ ಗೊಂದಲ ಇತ್ತು. ನಮ್ಮ ಕಾಲೇಜಿನ ಪಾಠದಲ್ಲಿ ಫ್ರಾನ್ಸ್ ನೆಪೋಲಿಯನ್ ಜೊತೆಗೇ ಮುಗಿದುಹೋಗಿತ್ತು. ಆಮೇಲಿನದನ್ನು ಸುಮ್ನೆ ಕುತೂಹಲಕ್ಕೆ ಓದಿಕೊಂಡೆ.

ಪಕ್ಷ ಅಂದ ತಕ್ಷಣ ಸದಸ್ಯತ್ವದ ರಸೀದಿ, ಚಿಹ್ನೆ, ಕಚೇರಿ ಅಂತ ಅಂದುಕೊಳ್ಳಬೇಡಿ. ಇದು ಒಂದು ಮನೆತನದ ಬೆನ್ನಿಗೆ ನಿಂತ ಬ್ಯಾಂಕಿನವರು, ವಕೀಲರು, ಪ್ರೊಫೆಸರುಗಳು, ಪತ್ರಿಕೆಯವರ ಗುಂಪು. ಫ್ರಾನ್ಸಿನ ರಾಜವಂಶ ಬೂರ್ಬನ್, ಅದರ ದಾಯಾದಿ ಕವಲು ಓರ್ಲಿಯಾನ್. ದಾಯಾದಿತನ ಎಂಥದ್ದು ಅಂದರೆ, 1793ರ ಜನವರಿಯಲ್ಲಿ ಹದಿನಾರನೇ ಲೂಯಿಯ ತಲೆ ತೆಗೆಯಲು ಮತ ಹಾಕಿದವರಲ್ಲಿ ಓರ್ಲಿಯಾನ್ ಡ್ಯೂಕ್ ಫಿಲಿಪ್ ಕೂಡ ಇದ್ದ. ಅದೇ ನವೆಂಬರಿನಲ್ಲಿ ಅವನ ತಲೆಯೂ ಹೋಯ್ತು. ಅವನ ಮಗ ಲೂಯಿ ಫಿಲಿಪ್ ಕ್ರಾಂತಿಯ ಸೈನ್ಯದಲ್ಲಿ ಹೋರಾಡಿದವನು, ಆಮೇಲೆ ದೇಶ ಬಿಟ್ಟು ಸ್ವಿಟ್ಜರ್ಲೆಂಡಿನ ಒಂದು ಶಾಲೆಯಲ್ಲಿ ಸುಳ್ಳು ಹೆಸರಿನಲ್ಲಿ ಮೇಷ್ಟ್ರಾಗಿದ್ದವನು.

ನೆಪೋಲಿಯನ್ ಸೋತಮೇಲೆ ಬೂರ್ಬನ್ನರ ಹಿರಿಯ ಕವಲು ಮತ್ತೆ ಪಟ್ಟಕ್ಕೆ ಬಂದಿತ್ತು. 1830ರ ಜುಲೈನಲ್ಲಿ ಆ ಕವಲಿನ ರಾಜ ಹತ್ತನೇ ಚಾರ್ಲ್ಸ್ ಪತ್ರಿಕೆಗಳ ಬಾಯಿ ಕಟ್ಟಿದ, ಆಗಷ್ಟೇ ಆಯ್ಕೆಯಾಗಿದ್ದ ಸಂಸತ್ತನ್ನೂ ವಿಸರ್ಜಿಸಿದ. ಪ್ಯಾರಿಸಿನ ಜನ ರಸ್ತೆಗೆ ಅಡ್ಡ ಹಾಕಿ ಮೂರು ದಿನ ಹೊಡೆದಾಡಿದರು. ಅವರಲ್ಲಿ ಎಷ್ಟೋ ಜನರಿಗೆ ಬೇಕಾಗಿದ್ದದ್ದು ಗಣರಾಜ್ಯ. ಆದರೆ ಪತ್ರಕರ್ತ ತಿಯೇರ್ ಮತ್ತು ಅವನ ಕಡೆಯವರು ಬೆಳಗಾಗುವಷ್ಟರಲ್ಲಿ ಲೂಯಿ ಫಿಲಿಪ್‌ನನ್ನು ಹೊಗಳುವ ಪೋಸ್ಟರ್ ಅಂಟಿಸಿದ್ದರು. ಜುಲೈ 31ರಂದು ನಗರಸಭೆಯ ಬಾಲ್ಕನಿಯಲ್ಲಿ ಮೊದಲ ಕ್ರಾಂತಿಯ ಕಾಲದ ಹೆಸರಾಂತ ನಾಯಕ, ಮುದುಕ ಲಫಾಯೆಟ್, ಕ್ರಾಂತಿಯ ತ್ರಿವರ್ಣ ಧ್ವಜದ ಜೊತೆ ಅವನನ್ನು ತಬ್ಬಿಕೊಂಡ. ಅಲ್ಲಿಗೆ ಕೆಲಸ ಆಯ್ತು, ಲೂಯಿ ಫಿಲಿಪ್ ರಾಜನಾದ.

‘ಹೇಗೆ ಹೊಂದುತ್ತೆ’ ಅನ್ನೋದಕ್ಕೆ ಉತ್ತರ ಇಲ್ಲಿದೆ. ಅವನು ‘ಫ್ರಾನ್ಸಿನ ರಾಜ’ ಅಲ್ಲ, ‘ಫ್ರೆಂಚರ ರಾಜ’. ಹಳೆಯ ಸನ್ನದು, ಅಂದರೆ ಆಗಿನ ಸಂವಿಧಾನ, ರಾಜ ಪ್ರಜೆಗಳಿಗೆ ದಯಪಾಲಿಸಿದ್ದು. ಹೊಸದಕ್ಕೆ ಅವನೇ ಸಂಸತ್ತಿನ ಮುಂದೆ ನಿಂತು ಪ್ರಮಾಣ ಮಾಡಬೇಕಾಯ್ತು. ಆದರೆ ಆ ಸಂಸತ್ತನ್ನು ಆರಿಸುತ್ತಿದ್ದವರು ಯಾರು? ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟುವ ಗಂಡಸರು. ಸುಮಾರು ಮೂರೂವರೆ ಕೋಟಿ ಜನರ ದೇಶದಲ್ಲಿ 1846ರ ಹೊತ್ತಿಗೂ ಮತದಾರರು 2.4 ಲಕ್ಷದ ಆಸುಪಾಸು. ಮತ ಬೇಕಾ, ದುಡಿದು ಶ್ರೀಮಂತರಾಗಿ ಅನ್ನೋ ಧಾಟಿ ಓರ್ಲಿಯನಿಸ್ಟರ ದೊಡ್ಡ ತಲೆ, ಮಂತ್ರಿ ಗಿಜೋನದು. ಪ್ರತಿ ಊರೂ ಪ್ರಾಥಮಿಕ ಶಾಲೆ ನಡೆಸಬೇಕು ಅಂತ 1833ರಲ್ಲಿ ಕಾನೂನು ತಂದವನೂ ಅವನೇ. ಹಾಗಾಗಿ ಸಾರಾಸಗಟಾಗಿ ಬೈಯೋಕೆ ನನಗೆ ಮನಸ್ಸು ಬರೋದಿಲ್ಲ.

ಸ್ವಾತಂತ್ರ್ಯದ ಮಾತು ಎಷ್ಟು ಗಟ್ಟಿ ಅಂತ ನೋಡಬೇಕಾದರೆ ಪೇರ್ ಹಣ್ಣಿನ ಪ್ರಸಂಗ ನೋಡಿ. (ಮರಸೇಬು ಅಂತೀವಲ್ಲ ಅದು, ಪೇರಳೆ ಅಲ್ಲ.) ವ್ಯಂಗ್ಯಪತ್ರಿಕೆ ನಡೆಸುತ್ತಿದ್ದ ಶಾರ್ಲ್ ಫಿಲಿಪೋನ್‌ನನ್ನು ರಾಜನನ್ನು ಅವಮಾನಿಸಿದ ಅಂತ 1831ರಲ್ಲಿ ಕೋರ್ಟಿಗೆ ಎಳೆದರು. ಅವನು ಅಲ್ಲೇ ಕಾಗದ ತೆಗೆದು ನಾಲ್ಕು ಚಿತ್ರ ಬರೆದ. ಮೊದಲನೆಯದು ರಾಜನ ಮುಖ. ಎರಡನೆಯದರಲ್ಲಿ ಗಲ್ಲ ಇಳಿಬಿತ್ತು, ಮೂರನೆಯದರಲ್ಲಿ ನೆತ್ತಿ ಚೂಪಾಯ್ತು, ನಾಲ್ಕನೆಯದು ಬರೀ ಪೇರ್ ಹಣ್ಣು. ಯಾವುದು ಅಪರಾಧ ಹೇಳಿ, ಹಣ್ಣು ರಾಜನ ಹಾಗಿದ್ದರೆ ನಾನೇನು ಮಾಡಲಿ ಅನ್ನೋದು ಅವನ ವಾದ. ಜೈಲು ತಪ್ಪಲಿಲ್ಲ. ಆದರೆ ಪ್ಯಾರಿಸಿನ ಗೋಡೆಗಳ ತುಂಬಾ ಪೇರ್ ಹಣ್ಣು ಬಂತು. ರಾಜನ ಮೇಲೆ ಕೊಲೆಯತ್ನ ಆದಮೇಲೆ, 1835ರಲ್ಲಿ, ವ್ಯಂಗ್ಯಚಿತ್ರಗಳಿಗೆ ಮುಂಚಿತವಾಗಿ ಅನುಮತಿ ಬೇಕು ಅಂತ ಕಾನೂನೇ ಬಂತು. ಪತ್ರಿಕೆಗಳ ಬಾಯಿ ಕಟ್ಟಿದ್ದಕ್ಕೇ ಅಲ್ವಾ ಚಾರ್ಲ್ಸ್ ಹೋಗಿದ್ದು!

ಮತದ ಹಕ್ಕು ಹೆಚ್ಚಿಸಿ ಅಂದವರಿಗೆ ಗಿಜೋ ಒಪ್ಪಲೇ ಇಲ್ಲ. 1848ರ ಫೆಬ್ರವರಿಯಲ್ಲಿ ಮತ್ತೆ ಬೀದಿ ಕಾಳಗ. ರಾಜ ‘ಮಿಸ್ಟರ್ ಸ್ಮಿತ್’ ಅನ್ನೋ ಹೆಸರಿನಲ್ಲಿ ಇಂಗ್ಲೆಂಡಿಗೆ ಹೊರಟುಹೋದ.

ಕಥೆ ಇಲ್ಲಿಗೆ ಮುಗೀತು ಅಂತ ಪುಸ್ತಕಗಳು ಬಿಟ್ಟುಬಿಡುತ್ತವೆ. ನನಗೆ ಇಷ್ಟವಾದ ಭಾಗ ಇರೋದೇ ಇದರ ಮುಂದೆ. ನಡುವೆ ಒಂದು ಗಣರಾಜ್ಯ, ಆಮೇಲೆ ಮೂರನೇ ನೆಪೋಲಿಯನ್‌ನ ಸಾಮ್ರಾಜ್ಯ ಬಂದು ಹೋದವು. ಜರ್ಮನರ ಪ್ರಷ್ಯಾ ರಾಜ್ಯದ ಕೈಲಿ ಸೋತಮೇಲೆ, 1871ರಲ್ಲಿ ಆರಿಸಿ ಬಂದ ಸಭೆಯಲ್ಲಿ ರಾಜ ಬೇಕು ಅನ್ನುವವರದೇ ಬಹುಮತ. ದಾಯಾದಿಗಳು ರಾಜಿಯಾದರು. ಹಿರಿಯ ಕವಲಿನ ಶಾಂಬೋರ್ ಕೌಂಟ್ ಮೊದಲು ರಾಜನಾಗಲಿ, ಅವನಿಗೆ ಮಕ್ಕಳಿಲ್ಲ, ಅವನ ನಂತರ ಲೂಯಿ ಫಿಲಿಪ್‌ನ ಮೊಮ್ಮಗನಿಗೆ ಪಟ್ಟ. ಎಲ್ಲ ಸರಿಹೋಯ್ತು ಅನ್ನುವಾಗ ಶಾಂಬೋರ್ ಒಂದೇ ಹಟ ಹಿಡಿದ. ತ್ರಿವರ್ಣ ಧ್ವಜ ಒಲ್ಲೆ, ಪೂರ್ವಜರ ಬಿಳಿ ಬಾವುಟವೇ ಬೇಕು. ಸೈನ್ಯ ಅದನ್ನು ಒಪ್ಪುವ ಹಾಗೇ ಇರಲಿಲ್ಲ. 1873ರ ಅಕ್ಟೋಬರಿನಲ್ಲಿ ಎಲ್ಲ ಮುರಿದುಬಿತ್ತು. ಅವನ ಪುರಪ್ರವೇಶಕ್ಕೆ ಮಾಡಿಸಿದ್ದ ಸಾರೋಟುಗಳು ಉಪಯೋಗವಾಗದೆ ಈಗಲೂ ಶಾಂಬೋರ್ ಅರಮನೆಯಲ್ಲಿವೆ.

ಓರ್ಲಿಯನಿಸ್ಟರು ಆಗ ಕಾಯುವ ಲೆಕ್ಕ ಹಾಕಿದರು. ಆಗ ದೇಶ ನಡೆಸುತ್ತಿದ್ದ ಅಧ್ಯಕ್ಷ ಮ್ಯಾಕ್‌ಮಹೋನ್‌ಗೆ ಏಳು ವರ್ಷದ ಅವಧಿ ಕೊಡೋಣ, ಅಷ್ಟರಲ್ಲಿ ಶಾಂಬೋರ್ ತೀರಿಕೊಂಡರೆ ನಮ್ಮ ರಾಜಕುಮಾರ ಬರಲಿ ಅಂತ. ಆ ಮನುಷ್ಯ 1883ರವರೆಗೂ ಬದುಕಿದ. ಅಷ್ಟರೊಳಗೆ, 1875ರ ಜನವರಿಯಲ್ಲಿ, 353ಕ್ಕೆ 352 ಮತ ಬಿದ್ದು, ಒಂದೇ ಒಂದು ಮತದಲ್ಲಿ, ಗಣರಾಜ್ಯ ಕಾನೂನಿನೊಳಗೆ ಬಂದು ಕೂತಿತ್ತು. ಅದರ ಪರ ಮತ ಹಾಕಿದವರಲ್ಲಿ ಓರ್ಲಿಯನಿಸ್ಟರೂ ಇದ್ದರು. ಅವರು ಕಾಯೋದಕ್ಕೆ ಅಂತ ಇಟ್ಟುಕೊಂಡ ಆ ಏಳು ವರ್ಷ ಮಾತ್ರ ಹೋಗಲಿಲ್ಲ. 2000ದಲ್ಲಿ ಜನಮತ ತೆಗೆದುಕೊಂಡು ಐದಕ್ಕೆ ಇಳಿಸುವವರೆಗೂ ಫ್ರಾನ್ಸಿನ ಅಧ್ಯಕ್ಷರನ್ನು ಆರಿಸುತ್ತಿದ್ದದ್ದು ಏಳು ವರ್ಷಕ್ಕೇ.