ಪಿಯುಸಿ ಗಣಿತ: ಕ್ಯಾಲ್ಕುಲಸ್ ಎದುರಾದಾಗ

ಪ್ರಶ್ನೆ: ನನ್ನ ಮಗಳು ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ 94 ಅಂಕ ತೆಗೆದವಳು. ಈಗ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿದ್ದಾಳೆ. ಇಂಟಿಗ್ರೇಶನ್ ಪಾಠ ಮುಗಿದ ಮೇಲೆ ನಡೆದ ಕಿರುಪರೀಕ್ಷೆಯಲ್ಲಿ 25ಕ್ಕೆ 9 ಬಂದಿದೆ. ಉಪನ್ಯಾಸಕರು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸುತ್ತಾರೆ, ಇವಳು ತಪ್ಪದೆ ನೋಟ್ಸ್ ಬರೆದುಕೊಂಡು ಬರುತ್ತಾಳೆ. ಹೋಂವರ್ಕ್ ಎಂದು ಏನನ್ನೂ ಕೊಡುವುದಿಲ್ಲ. ಇವಳು ಇನ್ನೇನು ಮಾಡಬೇಕು? ಟ್ಯೂಷನ್‌ಗೆ ಸೇರಿಸಲೇ?
– ಪಾಲಕಿ, ತಿಪಟೂರು

ಉತ್ತರ: ನಿಮ್ಮ ಮಗಳಿಗೆ ಗಣಿತ ಬರುವುದಿಲ್ಲವೆಂದು ಈ 9 ಅಂಕ ಹೇಳುತ್ತಿಲ್ಲ. ಇದುವರೆಗೆ ಅವಳನ್ನು ದಡ ಸೇರಿಸಿದ ಓದುವ ಕ್ರಮ ಇನ್ನು ಮುಂದೆ ಸಾಲದು ಎಂದಷ್ಟೇ ಹೇಳುತ್ತಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ಲೆಕ್ಕವನ್ನು ಓದುತ್ತಿದ್ದಂತೆಯೇ ಯಾವ ಸೂತ್ರ ಹಾಕಬೇಕೆಂದು ಗೊತ್ತಾಗುತ್ತದೆ. ಡೆರಿವೇಟಿವ್, ಅಂದರೆ ಬದಲಾವಣೆಯ ದರ ಕಂಡುಹಿಡಿಯುವ ಅಧ್ಯಾಯದಲ್ಲೂ ಬಹುಮಟ್ಟಿಗೆ ಹಾಗೆಯೇ, ನಿಯಮಗಳು ಕೈಗೆ ಹತ್ತಿದರೆ ಎಷ್ಟೇ ಗೋಜಲಾದ ಫಂಕ್ಷನ್ನನ್ನಾದರೂ ಬಿಡಿಸಬಹುದು. ಅದರ ತಿರುಗುಮುರುಗು ಕ್ರಿಯೆಯಾದ ಇಂಟಿಗ್ರೇಶನ್‌ನಲ್ಲಿ ಆ ಭರವಸೆ ಇಲ್ಲ. ಅಲ್ಲಿ ಲೆಕ್ಕದ ಮುಖ ನೋಡಿ ದಾರಿಯನ್ನು ಗುರುತಿಸಬೇಕಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಇಂಟಿಗ್ರೇಟ್ ಮಾಡಬೇಕಾದ ಭಿನ್ನರಾಶಿಯ ಛೇದದಲ್ಲಿ 'ಎಕ್ಸ್ ವರ್ಗ ಪ್ಲಸ್ 1' ಇದೆ ಎಂದಿಟ್ಟುಕೊಳ್ಳಿ. ಅಂಶದಲ್ಲಿ ಬರೀ 1 ಇದ್ದರೆ ಉತ್ತರ ಟ್ಯಾನ್ ಇನ್‌ವರ್ಸ್ ಎಕ್ಸ್. ಆ 1ರ ಜಾಗದಲ್ಲಿ ಎಕ್ಸ್ ಬಂದರೆ ಛೇದವನ್ನೇ ಹೊಸ ಚರಾಕ್ಷರವಾಗಿ ಇಟ್ಟುಕೊಳ್ಳಬೇಕು, ಉತ್ತರ ಛೇದದ ಲಾಗರಿದಮ್‌ನ ಅರ್ಧವಾಗುತ್ತದೆ. ಎಕ್ಸ್ ವರ್ಗ ಬಂದರೆ ಅಂಶಕ್ಕೆ 1 ಕೂಡಿಸಿ 1 ಕಳೆದು ಎರಡು ತುಂಡು ಮಾಡಬೇಕು, ಆಗ ಎಕ್ಸ್ ಮೈನಸ್ ಟ್ಯಾನ್ ಇನ್‌ವರ್ಸ್ ಎಕ್ಸ್ ಸಿಗುತ್ತದೆ. ನೋಡಲು ಅಕ್ಕತಂಗಿಯರಂತಿರುವ ಈ ಮೂರು ಲೆಕ್ಕಗಳಿಗೆ ಮೂರು ದಾರಿ. ಬೋರ್ಡಿನ ಮೇಲೆ ಇನ್ನೊಬ್ಬರು ಮಾಡಿದ್ದನ್ನು ನೋಡುವಾಗ ಮೂರೂ ಸಲೀಸಾಗಿ ಕಾಣುತ್ತವೆ, ಏಕೆಂದರೆ ದಾರಿಯನ್ನು ಆರಿಸುವ ಕಷ್ಟವನ್ನು ಉಪನ್ಯಾಸಕರು ಆಗಲೇ ಪಟ್ಟಿರುತ್ತಾರೆ. ನೋಟ್ಸ್‌ನಲ್ಲಿ ಉಳಿಯುವುದು ಆ ಆಯ್ಕೆಯ ಫಲ ಮಾತ್ರ.

ಆದ್ದರಿಂದ ಕಾಲೇಜಿನಲ್ಲಿ ಹೋಂವರ್ಕ್ ಕೊಡುವುದಿಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಪ್ರತಿ ಅಭ್ಯಾಸದ ಉಳಿದ ಲೆಕ್ಕಗಳನ್ನು ವಿದ್ಯಾರ್ಥಿಯೇ ಮಾಡಿಕೊಳ್ಳಬೇಕೆಂಬುದು ಪಿಯುಸಿಯಲ್ಲಿ ಬಾಯಿಬಿಟ್ಟು ಹೇಳದ ಕರಾರು, ಅದನ್ನು ಮೊದಲ ದಿನವೇ ಹೇಳಿಬಿಡುವುದು ಉಪನ್ಯಾಸಕರಿಗೆ ಒಳ್ಳೆಯದಿತ್ತು. ಎನ್‌ಸಿಇಆರ್‌ಟಿ ಪುಸ್ತಕದ 7.2ನೇ ಅಭ್ಯಾಸ ಒಂದರಲ್ಲೇ 39 ಲೆಕ್ಕಗಳಿವೆ. ತರಗತಿಯಲ್ಲಿ ಅವುಗಳಲ್ಲಿ ಏಳೆಂಟು ಮಾಡಿಸಿದರೆ ಅದೇ ಹೆಚ್ಚು.

ಪಾಠವಾದ ದಿನವೇ ಸಂಜೆ, ನೋಟ್ಸ್ ಮುಚ್ಚಿಟ್ಟು, ಬಿಳಿ ಹಾಳೆಯ ಮೇಲೆ ತರಗತಿಯ ಎರಡು ಲೆಕ್ಕಗಳನ್ನು ಮೊದಲಿನಿಂದ ಮಾಡಲು ಅವಳಿಗೆ ಹೇಳಿ. ಪೆನ್ನು ನಿಂತ ಸಾಲಿನ ಪಕ್ಕದಲ್ಲಿ ಗುರುತು ಹಾಕಲಿ. ಒಂದು ವಾರದ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ರೋಗ ಎಲ್ಲಿದೆಯೆಂದು ತಿಳಿಯುತ್ತದೆ. ಮೂವತ್ತು ವರ್ಷ ಉತ್ತರ ಪತ್ರಿಕೆಗಳನ್ನು ತಿದ್ದಿದ ನನಗೆ ಕಂಡಂತೆ, ಪೆನ್ನು ನಿಲ್ಲುವುದು ಹೆಚ್ಚಿನ ಸಲ ಕ್ಯಾಲ್ಕುಲಸ್ ಇರುವ ಸಾಲಿನಲ್ಲಿ ಅಲ್ಲ. ಸೈನ್ ವರ್ಗವನ್ನು ಕಾಸ್ 2ಎಕ್ಸ್‌ಗೆ ತಿರುಗಿಸುವಲ್ಲಿ, ವರ್ಗ ಪೂರ್ಣಗೊಳಿಸುವಲ್ಲಿ, ಭಿನ್ನರಾಶಿಯನ್ನು ಒಡೆಯುವಲ್ಲಿ. ಅಂದರೆ ಹತ್ತನೆಯ ತರಗತಿ ಮತ್ತು ಪ್ರಥಮ ಪಿಯುಸಿಯ ಸಾಲ ಇಲ್ಲಿ ಬಡ್ಡಿ ಸಮೇತ ವಸೂಲಾಗುತ್ತಿರುತ್ತದೆ. ಅಲ್ಲಿಯ ಸೂತ್ರಗಳನ್ನು ಎರಡು ವಾರ ಕೂತು ಸರಿಮಾಡಿಕೊಂಡರೆ ಮುಂದಿನ ಕೆಲಸ ಅರ್ಧ ಹಗುರಾಗುತ್ತದೆ.

ಟ್ಯೂಷನ್ ವಿಚಾರ: ಅವಳು ಬರೆದದ್ದನ್ನು ಯಾರಾದರೂ ಸಾಲುಸಾಲಾಗಿ ಓದಿ ತಿದ್ದುವುದಾದರೆ ಸೇರಿಸಿ. ಅರವತ್ತು ಜನರ ನಡುವೆ ಕೂತು ಇನ್ನೊಂದು ಬೋರ್ಡ್ ನೋಡಿ ಇನ್ನೊಂದು ನೋಟ್ಸ್ ಬರೆಯುವುದಾದರೆ ಬೇಡ. ಸಿಇಟಿ ತರಬೇತಿಯ ಅಡ್ಡದಾರಿಗಳನ್ನೂ ಸದ್ಯಕ್ಕೆ ದೂರವಿಡಿ. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆಗಳು, ಉತ್ತರ ಸರಿಯಿದ್ದರೆ ಸಾಕು. ಪಿಯುಸಿ ವಾರ್ಷಿಕ ಪರೀಕ್ಷೆಯ 80 ಅಂಕಗಳಲ್ಲಿ ಮೊದಲ ಭಾಗದ 20 ಅಂಕಗಳನ್ನು ಬಿಟ್ಟರೆ ಉಳಿದದ್ದೆಲ್ಲ ಬರೆದು ತೋರಿಸುವ ಪ್ರಶ್ನೆಗಳು, ಅಲ್ಲಿ ಹಂತಹಂತಕ್ಕೂ ಅಂಕವಿದೆ. ಕೊನೆಯ ಉತ್ತರ ತಪ್ಪಿದರೂ 5 ಅಂಕದ ಲೆಕ್ಕದಲ್ಲಿ 3 ಗಳಿಸಿದವರನ್ನು ಕಂಡಿದ್ದೇನೆ. ಉತ್ತರ ಸರಿಯಿದ್ದೂ ನಡುವಿನ ಹಂತಗಳಿಲ್ಲದೆ ಅಂಕ ಕಳೆದುಕೊಂಡವರನ್ನೂ ಕಂಡಿದ್ದೇನೆ.

ಪ್ರಶ್ನೆ: ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಸೂತ್ರಗಳು ಗೊತ್ತಿವೆ, ಆದರೆ ವಾಕ್ಯರೂಪದ ಲೆಕ್ಕ ಬಂದರೆ ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯುವುದಿಲ್ಲ. ಏಣಿಯ ಲೆಕ್ಕವನ್ನು ಮೂರು ಸಲ ಮಾಡಿದೆ, ಮೂರು ಸಲವೂ ಸೊನ್ನೆಯೇ ಬರುತ್ತಿದೆ.
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ನಿನ್ನ ಸೊನ್ನೆ ಎಲ್ಲಿಂದ ಬಂತೆಂದು ಊಹಿಸಬಲ್ಲೆನಮ್ಮ. ಲೆಕ್ಕ ಹೀಗಿದೆ: 5 ಮೀಟರ್ ಉದ್ದದ ಏಣಿಯೊಂದು ಗೋಡೆಗೆ ಒರಗಿದೆ, ಅದರ ಬುಡವನ್ನು ಗೋಡೆಯಿಂದ ದೂರಕ್ಕೆ ಸೆಕೆಂಡಿಗೆ 2 ಸೆಂಟಿಮೀಟರ್‌ನಂತೆ ಎಳೆಯಲಾಗುತ್ತಿದೆ, ಬುಡವು ಗೋಡೆಯಿಂದ 4 ಮೀಟರ್ ದೂರದಲ್ಲಿರುವಾಗ ತುದಿ ಎಷ್ಟು ವೇಗದಲ್ಲಿ ಇಳಿಯುತ್ತಿರುತ್ತದೆ?

ನೀನು ಮೊದಲೇ ಎಕ್ಸ್‌ನ ಜಾಗದಲ್ಲಿ 4 ಹಾಕಿರಬೇಕು. ಹಾಕಿದೊಡನೆ ಏಣಿ ನಿಂತುಬಿಟ್ಟಿತು; ನಿಂತ ಸಂಖ್ಯೆಯ ಡೆರಿವೇಟಿವ್ ಸೊನ್ನೆಯೇ ಆಗಬೇಕು. ಗೋಡೆಯಿಂದ ಬುಡದ ದೂರ ಎಕ್ಸ್, ತುದಿಯ ಎತ್ತರ ವೈ ಎಂದು ಚಿತ್ರ ಬರೆ. ಎರಡರ ವರ್ಗಗಳ ಮೊತ್ತ 25. ಎರಡೂ ಬದಲಾಗುತ್ತಿರುವಾಗಲೇ ಈ ಸಮೀಕರಣವನ್ನು ಕಾಲಕ್ಕೆ ಸಂಬಂಧಿಸಿದಂತೆ ಡಿಫರೆನ್ಶಿಯೇಟ್ ಮಾಡು. ಆಮೇಲಷ್ಟೇ ಎಕ್ಸ್ 4 ಎಂದೂ ವೈ 3 ಎಂದೂ ಹಾಕು. ತುದಿಯ ವೇಗ ಎಂದರೆ ಮೈನಸ್ ಎಕ್ಸ್/ವೈ, ಅಂದರೆ ಮೈನಸ್ 4/3, ಅದನ್ನು ಬುಡದ ವೇಗವಾದ 2ರಿಂದ ಗುಣಿಸಿದ್ದು: ಮೈನಸ್ 8/3 ಸೆಂಟಿಮೀಟರ್ ಪ್ರತಿ ಸೆಕೆಂಡಿಗೆ. ಆ ಮೈನಸ್ ಚಿಹ್ನೆಯನ್ನು ಅಳಿಸಬೇಡ, ಎತ್ತರ ಕಡಿಮೆಯಾಗುತ್ತಿದೆ ಎಂದು ಹೇಳುತ್ತಿರುವುದು ಅದೇ.

ಭಾಷೆಯ ತೊಡಕಿಗೆ ನಿಘಂಟು ಬೇಕಿಲ್ಲ. ಇಂಥ ಲೆಕ್ಕಗಳಲ್ಲಿ ಮತ್ತೆ ಮತ್ತೆ ಬರುವ ಇಂಗ್ಲಿಷ್ ಮಾತುಗಳು ಇಪ್ಪತ್ತೋ ಮೂವತ್ತೋ ಇರಬಹುದು. 'ರೇಟ್ ಆಫ್ ಚೇಂಜ್' ಎಂದರೆ ಬದಲಾವಣೆಯ ದರ, 'ವಿತ್ ರೆಸ್ಪೆಕ್ಟ್ ಟು' ಎಂದರೆ ಸಂಬಂಧಿಸಿದಂತೆ, 'ಹೆನ್ಸ್' ಎಂದು ಬಂದರೆ ಮೇಲೆ ಸಾಧಿಸಿದ್ದನ್ನೇ ಬಳಸಿ ಮುಂದುವರಿಯಬೇಕೆಂದು ಅರ್ಥ. ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ನಿನಗೆ ನೀನೇ ಹೇಳಿಕೊಂಡು ಚಿತ್ರ ಬರೆ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆ. ಯೋಚನೆ ಕನ್ನಡದಲ್ಲಿ ನಡೆದರೆ ನಾಚಿಕೆಪಡುವಂಥದ್ದು ಏನೂ ಇಲ್ಲ.

ಪ್ರಶ್ನೆ: ಅಣ್ಣನ ಹಳೆಯ ಪುಸ್ತಕದಲ್ಲಿರುವ ಸ್ಪರ್ಶಕ, ಲಂಬ ಮತ್ತು ಮೀನ್ ವ್ಯಾಲ್ಯೂ ಪ್ರಮೇಯ ನನ್ನ ಪುಸ್ತಕದಲ್ಲಿ ಇಲ್ಲ. ಓದಬೇಕೇ?
– ವಿದ್ಯಾರ್ಥಿ, ಪುತ್ತೂರು

ಉತ್ತರ: ಕೋವಿಡ್ ನಂತರ ಎನ್‌ಸಿಇಆರ್‌ಟಿ ಪಠ್ಯವನ್ನು ಇಳಿಸಿದಾಗ ಇವನ್ನೂ, ಎರಡು ವಕ್ರರೇಖೆಗಳ ನಡುವಿನ ವಿಸ್ತೀರ್ಣವನ್ನೂ ಕೈಬಿಟ್ಟರು. ಪಿಯುಸಿ ವಾರ್ಷಿಕ ಪರೀಕ್ಷೆಗೆ ಬೇಡ. ಜೆಇಇ ಅಡ್ವಾನ್ಸ್‌ಡ್ ಬರೆಯುವುದಾದರೆ ಅಲ್ಲಿ ಸ್ಪರ್ಶಕ, ಲಂಬ, ಮೀನ್ ವ್ಯಾಲ್ಯೂ ಪ್ರಮೇಯ ಎಲ್ಲವೂ ಪಠ್ಯಕ್ರಮದಲ್ಲಿವೆ, ಓದಲೇಬೇಕು. ಬರೆಯದಿದ್ದರೂ ಸ್ಪರ್ಶಕದ ಎರಡು ಪುಟಗಳನ್ನು ಓದಿಕೊಳ್ಳಿ ಎನ್ನುತ್ತೇನೆ; ಡೆರಿವೇಟಿವ್ ಎಂದರೆ ಏನೆಂದು ಕಣ್ಣಿಗೆ ಕಾಣುವುದು ಅಲ್ಲಿಯೇ, ಅದನ್ನು ತೆಗೆದದ್ದು ನನಗೆ ಇಂದಿಗೂ ಸರಿಯೆನಿಸಿಲ್ಲ. ಅಣ್ಣನ ಪುಸ್ತಕವನ್ನು ರದ್ದಿಗೆ ಹಾಕಬೇಡಿ.